‘ಪಾಪಿ’ಯ ಪುಣ್ಯ ಮತ್ತು ಮಾಲೀಕರ ಅವಸರ

ಶಿವರಾತ್ರಿಯಂದು ಕೇರಳದ ಆಲುವದ ಮಣಪ್ಪುರದಲ್ಲಿ, ಪೆರಿಯಾರ್ ಹೊಳೆಯ ಮರಳ ದಂಡೆಯ ಮೇಲೆ, ರಾತ್ರಿಯಿಡೀ ದೀಪ, ಜನ, ಪಿತೃಗಳಿಗೆ ಬಲಿತರ್ಪಣ. ನೆಲದ ಮೇಲೆ ನಿಂತವರಿಗೆ ಅಷ್ಟು ಬೆಳಕು ಧಾರಾಳ. ಆದರೆ ಪಕ್ಕದ ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣಕ್ಕೆ ಪುಟ್ಟ ವಿಮಾನದಲ್ಲಿ ಬರುವ ಪೈಲಟ್‌ಗೆ ಕಾಣುವುದು ಅಲ್ಲೊಂದು ಇಲ್ಲೊಂದು ಬೆಳಕಿನ ರಾಶಿ. ನಡುವೆ ಗದ್ದೆ, ಹೊಳೆ, ಹಿನ್ನೀರಿನ ಕಗ್ಗತ್ತಲು.

ಕಣ್ಣು ಮೋಸ ಹೋಗುವುದು ಇಂಥಲ್ಲೇ. ಕತ್ತಲ ಬಯಲಿನಾಚೆ ರನ್‌ವೇ ದೀಪಗಳಷ್ಟೇ ಕಂಡರೆ, ತಾನಿನ್ನೂ ತುಂಬಾ ಮೇಲಿದ್ದೇನೆ ಎಂದು ಪೈಲಟ್‌ಗೆ ಭಾಸವಾಗುತ್ತದೆ. ಇಳಿಸುತ್ತಾ ಹೋಗುತ್ತಾನೆ, ರನ್‌ವೇಗಿಂತ ಮೊದಲೇ ನೆಲ ಎದುರಾಗುತ್ತದೆ. ವೈಮಾನಿಕರ ಮಾತಿನಲ್ಲಿ ಇದು ‘ಬ್ಲ್ಯಾಕ್ ಹೋಲ್’. 1960ರ ದಶಕದಲ್ಲಿ ಬೋಯಿಂಗ್‌ನ ಕಾನ್ರಾಡ್ ಕ್ರಾಫ್ಟ್ ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿದಾಗ ನುರಿತ ಪೈಲಟ್‌ಗಳೂ ಹೀಗೇ ಎಡವಿದರು. ಇದಕ್ಕೆ ಮದ್ದು ರನ್‌ವೇ ಬದಿಯ ‘ಪಾಪಿ’ ದೀಪಗಳು. ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀರಿ ಎಂದರ್ಥ. ಹೆಸರು ಪಾಪಿ, ಮಾಡುವುದು ಪುಣ್ಯದ ಕೆಲಸ.

ದೀಪ ಹಾಕಿಸಿದರೆ ಮುಗಿಯಿತೇ? ನಮ್ಮ ಜಿಲ್ಲೆಗಳಲ್ಲಿ ವಿಮಾನ ನಿಲ್ದಾಣ ಬಂದ ಮರುದಿನವೇ ‘ನೈಟ್ ಲ್ಯಾಂಡಿಂಗ್’ ಬೇಡಿಕೆ ಏಳುತ್ತದೆ, ಬೀದಿದೀಪ ಕೇಳಿದಂತೆ. ಕೊಚ್ಚಿಯಲ್ಲಿ 2022ರ ಡಿಸೆಂಬರ್‌ನಲ್ಲಿ ಖಾಸಗಿ ಜೆಟ್‌ಗಳಿಗೆಂದೇ ಟರ್ಮಿನಲ್ ಬಂತು. ಅನುಕೂಲ ಹೆಚ್ಚಿದಷ್ಟೂ ಅವಸರವೂ ಹೆಚ್ಚುತ್ತದೆ. ದೊಡ್ಡ ವಿಮಾನ ಸಂಸ್ಥೆಯಲ್ಲಿ ಹಾರಾಟಕ್ಕೊಂದು ಕಟ್ಟುಪಾಡು, ಪೈಲಟ್ ಬೆನ್ನಿಗೊಂದು ವ್ಯವಸ್ಥೆ ಇರುತ್ತದೆ. ಖಾಸಗಿ ವಿಮಾನದಲ್ಲಿ ಬೆನ್ನ ಹಿಂದೆ ಕೂತಿರುವುದು ಮಾಲೀಕ.

2021ರ ಏಪ್ರಿಲ್ 11ರಂದು ಕೊಚ್ಚಿಯ ಪನಂಗಾಡಿನಲ್ಲಿ ಲುಲು ಸಮೂಹದ ಎಂ.ಎ. ಯೂಸುಫ್ ಅಲಿ ಅವರಿದ್ದ ಹೆಲಿಕಾಪ್ಟರ್ ತುರ್ತಾಗಿ ಜೌಗುನೆಲಕ್ಕಿಳಿಯಿತು. ಎಲ್ಲರೂ ಬದುಕಿದರು. ಅದು ಬೆಳಗಿನ ಹೊತ್ತು. ಅದೇ ರಾತ್ರಿಯಾಗಿದ್ದರೆ ಜೌಗು ಯಾವುದು, ಹೆದ್ದಾರಿ ಯಾವುದು, ವಿದ್ಯುತ್ ತಂತಿ ಯಾವುದು? ಕಣ್ಣನ್ನೇ ನಂಬಿ ಹಾರುವವರಿಗೆ ಸೂರ್ಯಾಸ್ತದ ನಂತರ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಅನುಮತಿ ಇಲ್ಲ. ಈ ನಿಯಮ ಕಿರಿಕಿರಿ ಅನ್ನುವವರು 1999ರ ಜುಲೈ 16ರ ರಾತ್ರಿಯನ್ನು ನೆನೆಯಲಿ. ಉಪಕರಣ ನೋಡಿ ಹಾರುವ ಪರವಾನಗಿ ಇಲ್ಲದೆ ತಾವೇ ವಿಮಾನ ಹಾರಿಸುತ್ತಿದ್ದ, ಅಮೆರಿಕದ ಮಾಜಿ ಅಧ್ಯಕ್ಷರ ಮಗ ಜಾನ್ ಎಫ್. ಕೆನಡಿ ಜೂನಿಯರ್, ಮಬ್ಬು ಕವಿದ ಕಡಲ ಮೇಲೆ ದಿಕ್ಕುತಪ್ಪಿ, ಪತ್ನಿ ಮತ್ತು ಆಕೆಯ ಅಕ್ಕನೊಂದಿಗೆ ಮುಳುಗಿಹೋದರು.

ಇನ್ನೊಂದು ರಾತ್ರಿಯೂ ಇದೆ. 2025ರ ಜೂನ್ 14ರಂದು ಇಂಧನ ತಗ್ಗಿದ ಬ್ರಿಟಿಷ್ ಎಫ್-35 ಯುದ್ಧವಿಮಾನ ತನ್ನ ವಿಮಾನವಾಹಕ ಹಡಗಿಗೆ ಮರಳುವ ಹಟ ಬಿಟ್ಟು ತಿರುವನಂತಪುರದಲ್ಲಿ ಇಳಿಯಿತು. ಆಮೇಲೆ ಕೆಟ್ಟು ನಿಂತು ಜುಲೈ 22ರವರೆಗೂ ಅಲ್ಲೇ ಉಳಿಯಿತು. ಕೇರಳ ಪ್ರವಾಸೋದ್ಯಮದವರೂ ಅದನ್ನು ತಮಾಷೆಯ ಜಾಹೀರಾತು ಮಾಡಿಕೊಂಡರು. ಊರೆಲ್ಲ ನಕ್ಕಿತು, ಪೈಲಟ್ ಉಳಿದ.

ವಿಮಾನವುಳ್ಳ ಸಿರಿವಂತರಲ್ಲಿ ಒಂದೇ ಅರಿಕೆ: ಪೈಲಟ್ ‘ಇವತ್ತು ಬೇಡ ಸಾರ್, ಬೆಳಗ್ಗೆ ಹೋಗೋಣ’ ಅಂದರೆ ಎರಡನೇ ಸಲ ಕೇಳಬೇಡಿ.