ಕಡಲಯಾನಕ್ಕೆ ಮುನ್ನ ಒಂದು ಪ್ರಸ್ಥಾನ

ವಾಚಕ ಮಹಾಶಯರ ಮುಂದೆ ಈ ತಿಂಗಳು ಒಂದು ತಪ್ಪನ್ನು ಒಪ್ಪಿಕೊಂಡೇ ಬರೆಯಲು ತೊಡಗಬೇಕಾಗಿದೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಶಾಲೆಯ ಬಾಗಿಲಲ್ಲಿ ನಿಂತು, ಗಂಟೆ ಹೊಡೆದ ಮೇಲೆ ಬಂದ ಹುಡುಗರನ್ನು ಹೊರಗೇ ನಿಲ್ಲಿಸುತ್ತಿದ್ದವರು ನಾವು. ಅಂತಹ ನಾವೇ ಕಳೆದ ಮಾಘಮಾಸದಲ್ಲಿ ಹೊತ್ತು ಮೀರಿ ಕೊಚ್ಚಿಯ ಬಂದರನ್ನು ಸೇರಿ, ಮುಚ್ಚಿದ ಬಾಗಿಲಿನ ಹೊರಗೆ ಕೈಚೀಲ ಹಿಡಿದು ನಿಲ್ಲಬೇಕಾಯಿತು. ನಾವು ಏರಬೇಕಾಗಿದ್ದ ಹಡಗು ಆಗಲೇ ಧಕ್ಕೆಯನ್ನು ಬಿಟ್ಟು, ಪಡುವಣಕ್ಕೆ ಮುಖಮಾಡಿ ಮೆಲ್ಲಗೆ ಸಾಗುತ್ತಿತ್ತು. ಜೊತೆಯಲ್ಲಿದ್ದ ನಮ್ಮ ಮನೆಯಾಕೆ ಅದು ಕಣ್ಣಿಗೆ ಮರೆಯಾಗುವವರೆಗೂ ನೋಡುತ್ತ ನಿಂತಳು. ಒಂದು ಮಾತನ್ನೂ ಆಡಲಿಲ್ಲ. ಆ ಅನುಭವದಿಂದ ನಾವು ಕಲಿತದ್ದನ್ನು, ಕಡಲಯಾನದ ಹಂಬಲವುಳ್ಳ ಗೃಹಸ್ಥರಿಗೆ ತಿಳಿಸುವುದೇ ಈ ಬರೆಹದ ಉದ್ದೇಶ.

ಕೆರಗೋಡಿನಂತಹ ಊರಿನವರಿಗೆ ಕಡಲಿನ ಹಂಬಲ ಹುಟ್ಟುವುದೇ ವಿಚಿತ್ರವೆಂದು ಕೆಲವರಿಗೆ ತೋರಬಹುದು. ಮಂಡ್ಯದ ಸೀಮೆಯವರಾದ ನಮಗೆ ನೀರೆಂದರೆ ಕನ್ನಂಬಾಡಿ ಕಟ್ಟೆಯ ನೀರು, ನಾಲೆಯ ನೀರು, ಕಬ್ಬಿನ ಗದ್ದೆಯ ನೀರು. ನಮ್ಮ ಮನೆಯಾಕೆಯಾದರೋ ಐವತ್ತಾರು ವರ್ಷ ತುಂಬಿದರೂ ಸಮುದ್ರವನ್ನು ಕಂಡವಳಲ್ಲ. ನಾವು ನಿವೃತ್ತರಾದ ದಿನವೇ ಆಕೆ, “ನಮ್ಮ ಕಾವೇರಿ ಹರಿದು ಹೋಗಿ ಸೇರುವ ನೀರನ್ನು ಒಂದು ಸಲ ಕಣ್ಣಾರೆ ಕಾಣಬೇಕು” ಎಂದಳು. ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿಬರುವ ಏರ್ಪಾಡನ್ನು ನಾವು ಯೋಚಿಸಿ, ಮೇಷ್ಟರ ಚಟದಿಂದ, “ಕಾವೇರಿ ಸೇರುವುದು ಪೂರ್ವಸಮುದ್ರವನ್ನು, ನಾವು ಹೋಗುವುದು ಪಶ್ಚಿಮಸಮುದ್ರಕ್ಕೆ” ಎಂದು ತಿದ್ದಿದೆವು. “ಅಷ್ಟು ದೊಡ್ಡ ನೀರಿಗೆ ಮೂಡಲೇನು, ಪಡುವಲೇನು?” ಎಂದು ಆಕೆ ನಮ್ಮ ಬಾಯಿ ಮುಚ್ಚಿಸಿದಳು.

ಊರಿನ ಹಿರಿಯರೊಬ್ಬರು ಮಾತ್ರ, ಶಾಸ್ತ್ರ ಓದಿದವರಿಗೆ ಸಮುದ್ರಯಾನ ಸಲ್ಲುವುದೇ ಎಂದು ಕೇಳಿದರು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಿತ್ಯಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿರುವುದು ನಿಜ. ಆದರೆ ಕಡಲಿನಲ್ಲಿ ಸಿಕ್ಕಿಬಿದ್ದ ಭುಜ್ಯುವನ್ನು ಅಶ್ವಿನೀದೇವತೆಗಳು ನೂರು ಹುಟ್ಟುಗಳ ನಾವೆಯಲ್ಲಿ ದಡ ಸೇರಿಸಿದರೆಂದು ಋಗ್ವೇದದಲ್ಲಿಯೇ ಇದೆ. ಜಯಪುರದ ಮಹಾರಾಜ ಎರಡನೆಯ ಮಾಧೋಸಿಂಹರು ೧೯೦೨ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಲಂಡನ್ನಿಗೆ ಹೋದಾಗ, ‘ಒಲಿಂಪಿಯಾ’ ಎಂಬ ಹಡಗನ್ನೇ ಗೊತ್ತುಮಾಡಿಕೊಂಡು, ದೊಡ್ಡ ದೊಡ್ಡ ಬೆಳ್ಳಿಯ ಕೊಳಗಗಳಲ್ಲಿ ಗಂಗಾಜಲವನ್ನು ತುಂಬಿಸಿಕೊಂಡು ಹೋದರು. ಆ ಪಾತ್ರೆಗಳನ್ನು ಇಂದಿಗೂ ಜಯಪುರದ ಅರಮನೆಯಲ್ಲಿ ನೋಡಬಹುದು. ಆಚಾರವುಳ್ಳವರೂ ಮುಂದಾಲೋಚನೆಯಿದ್ದರೆ ಕಡಲನ್ನು ದಾಟಬಲ್ಲರೆಂಬುದಕ್ಕೆ ಇಷ್ಟು ಸಾಕು. ನಮಗೆ ಕೊರತೆಯಾದದ್ದು ಶಾಸ್ತ್ರಾಧಾರವಲ್ಲ, ಆ ಮುಂದಾಲೋಚನೆಯೇ.

ನಡೆದದ್ದಿಷ್ಟು. ಹಡಗು ಮಧ್ಯಾಹ್ನ ಹೊರಡತಕ್ಕದ್ದು. ಮಂಡ್ಯದಿಂದ ಬೆಂಗಳೂರು, ಸೇಲಂ, ಪಾಲಕ್ಕಾಡುಗಳ ಮೇಲೆ ಎರ್ನಾಕುಳಕ್ಕೆ ಒಂದು ರಾತ್ರಿಯ ರೈಲು ಪ್ರಯಾಣ. ಬೆಳಗ್ಗೆ ಇಳಿದು, ಸ್ನಾನ ಫಲಾಹಾರಗಳನ್ನು ಮುಗಿಸಿ ನೇರವಾಗಿ ಬಂದರಿಗೆ ಹೋದರಾಯಿತು, ಛತ್ರದ ಬಾಡಿಗೆ ಉಳಿಯಿತು ಎಂದು ನಾವು ಲೆಕ್ಕ ಹಾಕಿದೆವು. ಹಿಂದಿನ ದಿನವೇ ಹೋಗೋಣವೆಂದು ಮನೆಯಾಕೆ ಅಂದಾಗ, ಅದು ದುಂದುವೆಚ್ಚವೆಂದು ತಳ್ಳಿಹಾಕಿದೆವು. ದಾರಿಯಲ್ಲಿ ಮುಂದಿನ ಒಂದು ಸರಕಿನ ಗಾಡಿ ಕೆಟ್ಟು ನಿಂತಿತು. ನಮ್ಮ ಗಾಡಿ ಆರು ಗಂಟೆ ತಡವಾಯಿತು. ಒಂದು ರಾತ್ರಿಯ ಬಾಡಿಗೆಯನ್ನು ಉಳಿಸಹೋಗಿ, ಎರಡು ವರ್ಷಗಳ ಪಿಂಚಣಿಯಲ್ಲಿ ಕೂಡಿಟ್ಟ ಟಿಕೇಟಿನ ಹಣವೆಲ್ಲವನ್ನೂ ಕಳೆದುಕೊಂಡೆವು. ಹೊತ್ತಿಗೆ ಬಾರದವರಿಗೆ ಹಣ ಹಿಂದಕ್ಕಿಲ್ಲವೆಂದು ಟಿಕೇಟಿನ ಹಿಂದೆಯೇ ಅಚ್ಚಾಗಿತ್ತು.

ಎರಡು ಗಳಿಗೆ ಕಾಯಬಾರದಿತ್ತೇ ಎಂದು ಆಗ ನಮಗೂ ಕೋಪ ಬಂದಿತ್ತು. ವಿಚಾರಿಸಿದ ಮೇಲೆ ಕೋಪ ಇಳಿಯಿತು. ಲಕ್ಷದ್ವೀಪವು ಹೆಸರಿಗೆ ಲಕ್ಷವಾದರೂ ಸರಕಾರದ ಪಟ್ಟಿಯಲ್ಲಿರುವ ದ್ವೀಪಗಳು ೩೬. ಅವುಗಳಲ್ಲಿ ಜನವಸತಿಯುಳ್ಳವು ೧೦. ಎಲ್ಲದರ ನೆಲವನ್ನು ಕೂಡಿಸಿದರೂ ೩೨ ಚದರ ಕಿಲೋಮೀಟರು. ಹವಳದ ಜೀವಿಗಳು ಕಟ್ಟಿದ ದಿಬ್ಬಗಳಿವು. ಅನೇಕ ದ್ವೀಪಗಳ ಬದಿಯಲ್ಲಿ ಆಳವಿಲ್ಲದ ತಿಳಿನೀರಿನ ಮಡುವಿದ್ದು, ಅದರಾಚೆ ಹವಳದ ಗೋಡೆಯುಂಟು. ದೊಡ್ಡ ಹಡಗು ಆ ಗೋಡೆಯನ್ನು ದಾಟಲಾರದೆ ಹೊರಗೇ ನಿಲ್ಲುತ್ತದೆ. ಪ್ರಯಾಣಿಕರು ಸಣ್ಣ ದೋಣಿಗಳಿಗೆ ಇಳಿದು ದಡ ಸೇರಬೇಕು. ಈ ಏರಿಳಿತವೆಲ್ಲ ಹಗಲಿನ ಬೆಳಕಿನಲ್ಲಿಯೇ ಆಗತಕ್ಕದ್ದು. ಕೊಚ್ಚಿಗೂ ಕವರತ್ತಿಗೂ ನಡುವೆ ಸುಮಾರು ೪೦೦ ಕಿಲೋಮೀಟರು ದೂರ. ರಾತ್ರಿಯೆಲ್ಲ ನಡೆದು ಬೆಳಗ್ಗೆ ಮುಟ್ಟಬೇಕಾದರೆ ಹಡಗು ಗೊತ್ತಾದ ಹೊತ್ತಿಗೆ ಹೊರಡಲೇಬೇಕು. ಜೊತೆಗೆ, ಬಂದರಿನ ದಾರಿ ಬಲ್ಲ ಪೈಲಟ್ಟು, ಹಡಗನ್ನು ಎಳೆಯುವ ದೋಣಿ, ಧಕ್ಕೆಯಲ್ಲಿ ನಿಲ್ಲುವ ಜಾಗ, ಎಲ್ಲವೂ ಗಂಟೆಯ ಲೆಕ್ಕದಲ್ಲಿ ಗೊತ್ತಾಗಿರುವುವು. ನೂರಾರು ಮಂದಿಯ ಒಂದು ಹಗಲನ್ನು ಇಬ್ಬರಿಗಾಗಿ ಕೆಡಿಸಲಾದೀತೇ? ಮುಂಬಯಿಯಿಂದ ಹೊರಡುವ ವಿಲಾಸನೌಕೆಗಳಿಗೂ ಇದೇ ನ್ಯಾಯ.

ಅಂದು ರಾತ್ರಿ ಎರ್ನಾಕುಳದ ಒಂದು ವಸತಿಗೃಹದಲ್ಲಿ ತಂಗಿದೆವು. ಉಳಿಸಬೇಕೆಂದಿದ್ದ ಬಾಡಿಗೆಯನ್ನು ಕೊನೆಗೂ ತೆತ್ತಂತಾಯಿತು. ದೀಪ ಆರಿಸಿದ ಮೇಲೆ ಮನೆಯಾಕೆ, “ದುಡ್ಡು ಹೋದರೆ ಮತ್ತೆ ಕೂಡಿಸಬಹುದು. ಮುಂದಿನ ವರ್ಷಕ್ಕೆ ಈ ಮೊಣಕಾಲು ದೋಣಿಗೆ ಇಳಿಯುವುದಕ್ಕೆ ಒಪ್ಪುತ್ತದೋ ಇಲ್ಲವೋ” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಪರರ ಕಾಲವನ್ನು ಉಳಿಸಲು ಜೀವಮಾನವೆಲ್ಲ ಬೋಧಿಸಿದ ನಾವು, ಮನೆಯವಳ ಒಂದು ವರ್ಷವನ್ನು ಪೋಲುಮಾಡಿದ್ದೆವು.

ಬೆಳಗಾದಾಗ ಆಕೆಯೇ, “ಹಡಗು ಹೋದರೆ ಹೋಯಿತು, ಊರೇನೂ ಹೋಗಲಿಲ್ಲವಲ್ಲ. ಏಳಿ, ನೋಡಿಕೊಂಡು ಬರೋಣ” ಎಂದು ಎಬ್ಬಿಸಿದಳು. ಹಿಂದಿರುಗುವ ಟಿಕೇಟು ದೊರೆತದ್ದು ಮೂರನೆಯ ದಿನಕ್ಕೆ. ಆ ಎರಡು ದಿನಗಳಲ್ಲಿ, ಯಾನಕ್ಕೆ ಮುನ್ನ ಬಂದರಿನ ಊರಿನಲ್ಲಿ ತಂಗುವುದು ದುಂದಲ್ಲ, ಯಾನದ ಒಂದು ಅಂಗವೇ ಎಂಬುದು ನಮಗೆ ಮನದಟ್ಟಾಯಿತು.

ಹಡಗುಗಳು ನಿಲ್ಲುವ ವಿಲಿಂಗ್ಡನ್ ದ್ವೀಪವೇ ಮನುಷ್ಯನ ಕೈಗೆಲಸ. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರರು ಬಂದರನ್ನು ಆಳಮಾಡಿಸಿದಾಗ ತೆಗೆದ ಹೂಳಿನಿಂದ ಅದು ಎದ್ದಿತು. ೧೯೨೮ರಲ್ಲಿ ಒಳಬಂದರನ್ನು ಮೊದಲು ಹೊಕ್ಕ ಹಡಗಿನ ಹೆಸರು ‘ಪದ್ಮಾ’. ಮಟ್ಟಾಂಚೇರಿಯ ಅರಮನೆಯನ್ನು ೧೫೫೫ರ ಸುಮಾರಿಗೆ ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸರಿಗೆ ಒಪ್ಪಿಸಿದರು. ಅದರ ಶಯನಗೃಹದ ಗೋಡೆಗಳ ಮೇಲೆ ದಶರಥನ ಯಾಗದಿಂದ ಮೊದಲುಗೊಂಡು ರಾಮಾಯಣವೇ ಚಿತ್ರಿತವಾಗಿದೆ. ಹತ್ತಿರದಲ್ಲಿಯೇ ೧೫೬೮ರ ಯೆಹೂದ್ಯರ ಪ್ರಾರ್ಥನಾಮಂದಿರವುಂಟು. ಅರಮನೆಗೆ ಶುಕ್ರವಾರವೂ ಮಂದಿರಕ್ಕೆ ಶನಿವಾರವೂ ರಜೆ. ಇದನ್ನು ತಿಳಿದು ದಿನವನ್ನು ಗೊತ್ತುಮಾಡಬೇಕು. ಕೋಟೆಕೊಚ್ಚಿಯ ಸಂತ ಫ್ರಾನ್ಸಿಸರ ಇಗರ್ಜಿಯಲ್ಲಿ, ೧೫೨೪ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ ಸ್ಥಳವನ್ನು ತೋರಿಸುತ್ತಾರೆ. ಎರಡನೆಯ ದಿನ ಕಾಲಡಿಗೆ ಹೋದೆವು. ಶಂಕರಭಗವತ್ಪಾದರ ಜನ್ಮಸ್ಥಳವಾದ ಅಲ್ಲಿ, ನಮ್ಮ ಶೃಂಗೇರಿಯ ಜಗದ್ಗುರುಗಳಾದ ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹಭಾರತೀ ಸ್ವಾಮಿಗಳು ೧೯೧೦ರಲ್ಲಿ ಶಂಕರರ ಮತ್ತು ಶಾರದಾಂಬೆಯ ಗುಡಿಗಳನ್ನು ಪ್ರತಿಷ್ಠೆ ಮಾಡಿದರು. ಆ ಹೊಳೆಯ ಮೆಟ್ಟಿಲಿನ ಮೇಲೆ ಕುಳಿತಿದ್ದಾಗ, ಮನೆಯಾಕೆಗೆ ನಮ್ಮ ತಾಯಿಯವರ ಒಂದು ಪದ್ಧತಿ ನೆನಪಿಗೆ ಬಂದಿತು.

ಹಿಂದೆ ನಮ್ಮ ಮನೆಯಿಂದ ಯಾರಾದರೂ ದೂರ ಪ್ರಯಾಣ ಹೊರಡುವಾಗ ನಮ್ಮ ತಾಯಿಯವರು ಒಳ್ಳೆಯ ಗಳಿಗೆ ನೋಡಿ, ಅಕ್ಕಿ ಅಡಕೆ ಅರಿಸಿನಗಳ ಒಂದು ಗಂಟನ್ನು ನೆರೆಮನೆಯಲ್ಲಿ ಇರಿಸಿಬರುತ್ತಿದ್ದರು. ಪ್ರಸ್ಥಾನವಿಡುವುದೆಂದರೆ ಇದೇ. ಗಂಟು ಹೊರಬಿದ್ದಿತೆಂದರೆ ಪ್ರಯಾಣ ಆರಂಭವಾದಂತೆಯೇ. ಹೊರಡುವ ದಿನ ಆ ಗಂಟನ್ನು ಎತ್ತಿಕೊಂಡು ಮುಂದೆ ಸಾಗುವುದು. ಮುಹೂರ್ತಚಿಂತಾಮಣಿಯ ಯಾತ್ರಾಪ್ರಕರಣದಲ್ಲಿ ಇದರ ವಿಧಿಯೇ ಇದೆ. ಪ್ರಸ್ಥಾನದ ಸ್ಥಳದಲ್ಲಿ ಅರಸನು ಹತ್ತು ದಿನ, ಸಾಮಂತನು ಏಳು, ಉಳಿದವರು ಐದು ದಿನಗಳಿಗಿಂತ ಹೆಚ್ಚು ನಿಲ್ಲಬಾರದು. ಬಾಲ್ಯದಲ್ಲಿ ಇದನ್ನು ಕಂಡು ನಾವು ನಗುತ್ತಿದ್ದೆವು. ಈಗ ಯೋಚಿಸಿದರೆ ಇದರಲ್ಲಿ ಎಷ್ಟು ವಿವೇಕವಿದೆ! ಮನೆಯ ಕೊನೆಯ ಗಳಿಗೆಯ ಗಡಿಬಿಡಿಯನ್ನೂ ಪ್ರಯಾಣದ ಮೊದಲ ಗಳಿಗೆಯನ್ನೂ ಒಂದಕ್ಕೊಂದು ತಾಗಗೊಡದೆ ನಡುವೆ ಅಂತರವನ್ನಿಡುವುದೇ ಅದರ ಸಾರ. ಶ್ರೀರಾಮನೂ ಕಡಲನ್ನು ದಾಟುವ ಮುನ್ನ ಅದರ ತಡಿಯಲ್ಲಿ ದರ್ಭೆಯ ಮೇಲೆ ಮೂರು ರಾತ್ರಿ ಮಲಗಿದ್ದನೆಂದು ವಾಲ್ಮೀಕಿಗಳು ಹೇಳಿದ್ದಾರೆ. ರೈಲಿನಿಂದಿಳಿದವನೇ ಹಡಗಿಗೆ ಓಡುವೆನೆಂದ ನಮ್ಮ ಆತುರಕ್ಕೆ ಏನೆನ್ನಬೇಕು!

ಬರುವ ಮಾಘಮಾಸಕ್ಕೆ ನಾವು ಮತ್ತೆ ಯೋಜನೆ ಮಾಡಿದ್ದೇವೆ. ಇತರರಿಗೂ ಉಪಯೋಗವಾಗಲೆಂದು ಅದರ ಕ್ರಮವನ್ನು ಇಲ್ಲಿ ಕೊಡುತ್ತೇವೆ.

ಮೊದಲನೆಯದು, ಋತು. ಮುಂಗಾರಿನಲ್ಲಿ ಅರಬ್ಬೀಸಮುದ್ರವು ಉಗ್ರವಾಗಿರುವುದರಿಂದ ಅಕ್ಟೋಬರ್ ಕಳೆದು ಬೇಸಗೆ ಮುಗಿಯುವುದರೊಳಗೆ ಹೋಗುವುದು ಲೇಸು. ಎರಡನೆಯದು, ರಹದಾರಿ. ೧೯೬೭ರ ನಿಯಮಗಳಂತೆ ಹೊರಗಿನವರು ಮುಂಚಿತವಾಗಿ ಅನುಮತಿಪತ್ರವನ್ನು ಪಡೆಯದೆ ದ್ವೀಪಗಳನ್ನು ಹೊಗುವಂತಿಲ್ಲ. ಅನುಮತಿ ಕೈಸೇರಿದ ಮೇಲೆಯೇ ರೈಲಿನ ಟಿಕೇಟು ಕೊಳ್ಳುವುದು ಕ್ಷೇಮ. ಕಾಗದಪತ್ರಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಚೀಲಗಳಲ್ಲಿಡಬೇಕು.

ಮೂರನೆಯದು, ತಂಗುವಿಕೆ. ಹಡಗು ಹೊರಡುವ ದಿನಕ್ಕೆ ಎರಡು ರಾತ್ರಿ ಮುಂಚೆಯೇ ಬಂದರಿನ ಊರನ್ನು ಸೇರಬೇಕು. ಒಂದು ರಾತ್ರಿ ರೈಲಿನ ತಡಕ್ಕೆ ಮೀಸಲು; ಇನ್ನೊಂದು ಮೈಯ ದಣಿವಿಗೆ ಮೀಸಲು. ಅದಕ್ಕಿಂತ ಹೆಚ್ಚು ಬೇಡ. ಐದು ದಿನದ ಮಿತಿಯನ್ನು ಶಾಸ್ತ್ರಕಾರರು ಸುಮ್ಮನೆ ಹೇಳಲಿಲ್ಲ, ಕೈಯ ಹಣವೂ ಮನಸ್ಸಿನ ಉತ್ಸಾಹವೂ ಕರಗುತ್ತವೆ. ವಸತಿಯು ಬಂದರಿಗೆ ಹತ್ತಿರವಿರಲಿ. ಮೊದಲ ದಿನವೇ ಒಮ್ಮೆ ಹೋಗಿ, ಯಾವ ಬಾಗಿಲಿನಿಂದ ಒಳಗೆ ಬಿಡುವರು, ಎಷ್ಟು ಗಂಟೆಗೆ ಮುಚ್ಚುವರು ಎಂಬುದನ್ನು ಕಂಡುಬರಬೇಕು.

ನಾಲ್ಕನೆಯದು, ಅಭ್ಯಾಸ. ಕೊಚ್ಚಿಯಲ್ಲಿ ೨೦೨೩ರಿಂದ ವಾಟರ್ ಮೆಟ್ರೋ ಎಂಬ ದೋಣಿಗಳು ಓಡಾಡುತ್ತಿವೆ. ಬೇರೆ ದೋಣಿಗಳೂ ಉಂಟು. ನೀರಿಗೆ ಹೊಸಬರಾದವರು ಅವುಗಳಲ್ಲಿ ಒಂದೆರಡು ಸಲ ಹತ್ತಿ ಇಳಿದು ನೋಡಲಿ. ಕಡಲಿನ ಅಲೆಯ ಮೇಲೆ ದೋಣಿಗೆ ಇಳಿಯುವುದು ಇದಕ್ಕಿಂತ ಕಠಿನವೇ ಸರಿ. ಆದರೂ ಹಿಡಿಗಂಬಿಯನ್ನು ಹಿಡಿಯುವ, ನಾವಿಕನ ಕೈಯನ್ನು ನಂಬುವ ರೂಢಿಯಾಗುತ್ತದೆ. ಮಂಡಿನೋವುಳ್ಳವರು ಊರು ಬಿಡುವ ಮೊದಲೇ ವೈದ್ಯರನ್ನು ಕಾಣಬೇಕು. ನಮ್ಮ ಮನೆಯಾಕೆ ವೈದ್ಯರು ತಿಳಿಸಿದ ವ್ಯಾಯಾಮವನ್ನು ಹತ್ತು ತಿಂಗಳಿಂದ ಒಂದು ದಿನವೂ ತಪ್ಪಿಸಿಲ್ಲ.

ಐದನೆಯದು, ಕಡಲ ಓಕರಿಕೆ. ಕಿವಿಯೊಳಗಿನ ಸಮತೋಲದ ಅಂಗವು ಅಲುಗಾಟವನ್ನು ತಿಳಿಸುವಾಗ ಕಣ್ಣಿಗೆ ಕೋಣೆ ನಿಶ್ಚಲವಾಗಿ ಕಾಣುವುದರಿಂದ ಈ ಬಾಧೆ ಹುಟ್ಟುತ್ತದೆ. ಹಡಗಿನ ನಡುಭಾಗದ ಕೆಳಗಿನ ಕೋಣೆ ಕಡಮೆ ಅಲುಗುತ್ತದೆ. ಮೇಲೆ ಬಂದು ದಿಗಂತವನ್ನು ನೋಡುತ್ತ ಕುಳಿತರೆ ಸಮಾಧಾನ. ವೈದ್ಯರು ಕೊಟ್ಟ ಗುಳಿಗೆಯನ್ನು ಓಕರಿಕೆ ಬಂದಮೇಲಲ್ಲ, ಹಡಗು ಹೊರಡುವ ಮುನ್ನವೇ ತೆಗೆದುಕೊಳ್ಳಬೇಕು. ಔಷಧಗಳು ದೊಡ್ಡ ಪೆಟ್ಟಿಗೆಯಲ್ಲಿ ಬೇಡ, ಕೈಚೀಲದಲ್ಲಿರಲಿ. ಕೊನೆಯ ಮಾತೊಂದು: ದಡದಲ್ಲಿ ಬಿದ್ದಿರುವ ಹವಳವನ್ನು ಮೊಮ್ಮಕ್ಕಳಿಗೆಂದು ಆರಿಸಿ ತರುವುದು ಶಿಕ್ಷಾರ್ಹ, ಕಂಡು ಸಂತೋಷಪಡುವುದಷ್ಟೇ ನಮ್ಮ ಪಾಲು.

ಈ ದ್ವೀಪಗಳು ನಮಗೆ ತೀರ ಪರಕೀಯವೆಂದೂ ತಿಳಿಯಬೇಕಾಗಿಲ್ಲ. ಅವುಗಳಲ್ಲಿ ಉತ್ತರಭಾಗದ ಅಮಿನಿ, ಕಡಮತ್ ಮೊದಲಾದವು ಟಿಪ್ಪುವಿನ ಅಧೀನದಲ್ಲಿದ್ದು, ೧೭೯೯ರಲ್ಲಿ ನಮ್ಮ ಜಿಲ್ಲೆಯದೇ ಆದ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಸೇರಿದುವು. ೧೯೫೬ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಹಳೆಯ ನೆಂಟರ ಮನೆಗೆ ತಡವಾಗಿ ಹೋಗುತ್ತಿದ್ದೇವೆಂದು ನಾವು ಎಣಿಸಿದ್ದೇವೆ.

ಅನುಮತಿಗೆ ಅರ್ಜಿ ಹಾಕಿಯಾಗಿದೆ. ವಸತಿಗೃಹಕ್ಕೆ ಎರಡು ರಾತ್ರಿಯ ಬಾಡಿಗೆಯನ್ನು, ಈ ಸಲ ಚೌಕಾಸಿ ಮಾಡದೆ, ಮುಂಗಡವಾಗಿ ಕಟ್ಟಿದ್ದೇವೆ. ನೆರೆಮನೆಯವರಿಗೂ ಹೇಳಿಯಾಯಿತು. ಮನೆಯಾಕೆ ಗಂಟಿಗೆಂದು ಒಂದು ಹೊಸ ಅರಿವೆಯನ್ನು ಅರಿಸಿನದ ನೀರಿನಲ್ಲಿ ಅದ್ದಿ, ಒಣಗಿಸಿ, ಮಡಿಸಿ ಇಟ್ಟಿದ್ದಾಳೆ.