ನಕ್ಷೆ ಬಿಡಬೇಕಾದದ್ದು, ಬಿಡಬಾರದ್ದು

ನಮ್ಮ ಪಿಂಚಣಿಯ ಲೆಕ್ಕ, ರೈಲಿನ ಟಿಕೇಟು, ಬ್ಯಾಂಕಿನ ಖಾತೆ ಇವೆಲ್ಲ ಇಂದು ಕಪಾಟುಗಳಲ್ಲಿಲ್ಲ. ದತ್ತಾಂಶ ಕೇಂದ್ರಗಳ ಸ್ಟೋರೇಜ್ ಪೆಟ್ಟಿಗೆಗಳಲ್ಲಿವೆ. ಅವುಗಳನ್ನು ಕಾಯುವ ನೌಕರನ ಎದುರಿಗೆ ಒಂದು ಪರದೆ. ಯಾವ ಸರ್ವರ್ ಯಾವ ಸ್ವಿಚ್ಚಿನ ಮೂಲಕ ಯಾವ ಪೆಟ್ಟಿಗೆಯನ್ನು ತಲುಪುತ್ತದೆಂದು ಗೆರೆಗಳಲ್ಲಿ ತೋರಿಸುವ ಆ ಚಿತ್ರವನ್ನು ಟೊಪಾಲಜಿ ನೋಟವೆನ್ನುತ್ತಾರೆ. ಅದನ್ನು ಸರಳಗೊಳಿಸಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಸರಳಗೊಳಿಸುವುದೆಂದರೇನು ಎಂಬ ಪ್ರಶ್ನೆ ತಂತ್ರಜ್ಞರಿಗೆ ಮಾತ್ರ ಸೇರಿದ್ದಲ್ಲ. ಸಂಗ್ರಹಿಸಿ ಬರೆಯುವುದು, ಸಂಗ್ರಹವನ್ನು ನಂಬಿ ಓದುವುದು ನಮ್ಮೆಲ್ಲರ ನಿತ್ಯದ ಕೆಲಸವಾಗಿದೆ.

ಮೊದಲು ಈ ಗೋಜಲಿನ ಮೂಲವನ್ನು ನೋಡೋಣ. 40 ಸರ್ವರ್‌ಗಳಿರುವ ಒಂದು ಕೇಂದ್ರವನ್ನು ಊಹಿಸಿಕೊಳ್ಳಿ. ಒಂದು ದಾರಿ ಕೆಟ್ಟರೆ ಇನ್ನೊಂದಿರಲೆಂದು ಪ್ರತಿ ಸರ್ವರಿನಿಂದ ಎರಡು ಕೇಬಲ್‌ಗಳು ಎರಡು ಪ್ರತ್ಯೇಕ ಜಾಲಗಳಿಗೆ ಹೋಗುತ್ತವೆ. ಪ್ರತಿ ಜಾಲವೂ ಸ್ಟೋರೇಜ್ ಪೆಟ್ಟಿಗೆಯನ್ನು ಎರಡು ಪೋರ್ಟ್‌ಗಳಲ್ಲಿ ಸೇರುತ್ತದೆ. ಅಲ್ಲಿಗೆ ಒಂದು ಸರ್ವರಿಗೆ ನಾಲ್ಕು ದಾರಿ, ಒಟ್ಟು 160. ಎಲ್ಲವನ್ನೂ ಎಳೆದರೆ ಪರದೆಯ ಮೇಲೆ ಉಳಿಯುವುದು ಸಿಕ್ಕುಗಟ್ಟಿದ ನೂಲಿನ ಉಂಡೆ. ಬೋರ್ಹೆಸ್ 1946ರಲ್ಲಿ ಪ್ರಕಟಿಸಿದ ಪುಟ್ಟ ಕಥೆಯೊಂದರಲ್ಲಿ ಸಾಮ್ರಾಜ್ಯದಷ್ಟೇ ದೊಡ್ಡದಾದ ನಕ್ಷೆಯೊಂದಿದೆ. ಮುಂದಿನ ತಲೆಮಾರಿನವರು ಅದನ್ನು ನಿರುಪಯುಕ್ತವೆಂದು ಬಿಸಿಲುಗಾಳಿಗೆ ಬಿಟ್ಟುಬಿಡುತ್ತಾರೆ. ಎಲ್ಲವನ್ನೂ ಹೇಳುವ ನಕ್ಷೆಯ ಗತಿ ಅದು.

ಬಿಡುವುದರಿಂದ ಆಗುವ ಲಾಭಕ್ಕೆ ಲಂಡನ್ನಿನ ಭೂಗತ ರೈಲಿನ ನಕ್ಷೆ ಸಾಕ್ಷಿ. ಹ್ಯಾರಿ ಬೆಕ್ ಎಂಬ ನಕ್ಷೆಗಾರ 1931ರಲ್ಲಿ ನೆಲದ ಅಂತರಗಳನ್ನು ಕೈಬಿಟ್ಟು, ನೆಟ್ಟ, ಅಡ್ಡ ಮತ್ತು ಓರೆ ಗೆರೆಗಳಲ್ಲೇ ಇಡೀ ಜಾಲವನ್ನು ಬಿಡಿಸಿದ. ಮೊದಲು ತಿರಸ್ಕೃತವಾದ ಅದು 1933ರಲ್ಲಿ ಅಚ್ಚಾಗಿ ಜನರ ಜೇಬು ಸೇರಿತು. ಪ್ರಯಾಣಿಕನಿಗೆ ಬೇಕಾದದ್ದು ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು ಎಂಬುದು ಮಾತ್ರ. ಆದರೆ ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಇರುವ ದೂರ ಸುಮಾರು 260 ಮೀಟರ್ ಮಾತ್ರ ಎಂಬುದನ್ನು ಆ ನಕ್ಷೆ ಹೇಳುವುದಿಲ್ಲ. ಮುಂಬಯಿಯ ಪಶ್ಚಿಮ ಮಾರ್ಗದ ಡಬ್ಬಿಯಲ್ಲಿ ನಿಲ್ದಾಣಗಳ ಸಾಲನ್ನು ಮಾತ್ರ ನೋಡುವ ಹೊಸಬರಿಗೂ ಹೀಗೆಯೇ. ಮಾಟುಂಗಾ ರೋಡಿನಲ್ಲಿ ಇಳಿದು ಮಾಟುಂಗಾದ ಮೈಸೂರು ಅಸೋಸಿಯೇಶನ್ನಿಗೆ ನಡೆದೇ ಹೋಗಬಹುದೆಂದು ಆ ಸಾಲು ತಿಳಿಸದು. ರೈಲಿನ ನಕ್ಷೆಯಲ್ಲಿ ಇಂಥ ಮೌನಕ್ಕೆ ತೆರುವ ಬೆಲೆ ಹತ್ತು ನಿಮಿಷ. ಸ್ಟೋರೇಜ್ ನೋಟದಲ್ಲಿ ಅದು ಹಾಗಿರುವುದಿಲ್ಲ.

ಅಲ್ಲಿ ಸರಳಗೊಳಿಸುವ ಸುಲಭದ ಉಪಾಯ, ನಾಲ್ಕು ದಾರಿಗಳನ್ನು ಕೂಡಿಸಿ ಒಂದೇ ಹಸಿರು ಗೆರೆ ಎಳೆಯುವುದು. ಒಂದು ಜಾಲವೇ ಕೆಟ್ಟು ಎರಡು ದಾರಿಗಳು ಸತ್ತರೂ ದತ್ತಾಂಶ ಹರಿಯುತ್ತಲೇ ಇರುತ್ತದೆ. ಆದ್ದರಿಂದ ಗೆರೆಯೂ ಹಸಿರಾಗಿಯೇ ಇರಬಹುದು. ಆ ಹಸಿರನ್ನು ನಂಬಿ ದುರಸ್ತಿಗೆಂದು ಇನ್ನೊಂದು ಜಾಲದ ಸ್ವಿಚ್ಚನ್ನು ಆರಿಸಿದರೆ ಎಲ್ಲವೂ ಒಮ್ಮೆಗೇ ನಿಲ್ಲುತ್ತದೆ. ಕೌಂಟರಿನ ಎದುರು ಬೆಳಗಿನಿಂದ ನಿಂತ ವೃದ್ಧರಿಗೆ ಕೇಳಿಸುವುದು ‘ಸರ್ವರ್ ಡೌನ್’ ಎಂಬ ಎರಡೇ ಶಬ್ದ. ನಕ್ಷೆ ಇಲ್ಲಿ ಸುಳ್ಳು ಹೇಳಲಿಲ್ಲ, ಹೇಳಲೇಬೇಕಾದ್ದನ್ನು ಹೇಳದೆ ಉಳಿಯಿತು.

ಸರಕಾರಿ ಕಡತದೊಡನೆ ಬದುಕು ಸವೆಸುವ ನಮ್ಮಂಥವರಿಗೆ ಇದಕ್ಕೊಂದು ಹಳೆಯ ಪರಿಹಾರ ಗೊತ್ತಿದೆ. ಕಡತದಲ್ಲಿ ಟಿಪ್ಪಣಿಯ ಭಾಗ ಬೇರೆ, ಪತ್ರವ್ಯವಹಾರದ ಭಾಗ ಬೇರೆ. ನೂರು ಪುಟಗಳ ಪತ್ರಗಳನ್ನು ಟಿಪ್ಪಣಿ ಎರಡು ಪುಟಕ್ಕೆ ಇಳಿಸುತ್ತದೆ. ಆದರೆ ಅದರ ಪ್ರತಿ ಮಾತಿಗೂ ಅಂಚಿನಲ್ಲಿ ಪತ್ರದ ಪುಟಸಂಖ್ಯೆಯಿರಬೇಕು. ಸಂಶಯ ಬಂದ ಅಧಿಕಾರಿ ಆ ಪುಟ ತೆರೆದು ಮೂಲವನ್ನು ನೋಡಬಹುದು. ಪುಟಸಂಖ್ಯೆಯಿಲ್ಲದ ಟಿಪ್ಪಣಿ ಎಷ್ಟೇ ಸುಂದರವಾಗಿದ್ದರೂ ಬರೆದವನ ಅಭಿಪ್ರಾಯವಷ್ಟೇ.

ಟೊಪಾಲಜಿ ನೋಟಕ್ಕೂ ಈ ಶಿಸ್ತೇ ಬೇಕೆಂದು ನಮ್ಮ ಅಭಿಮತ. ದಾರಿಗಳನ್ನು ಕೂಡಿಸಲಿ, ಆದರೆ ಗೆರೆಯ ಮೇಲೆ ‘ನಾಲ್ಕರಲ್ಲಿ ಎರಡು’ ಎಂದು ಬರೆಯಲಿ. ಸರ್ವರ್‌ಗಳನ್ನು ಗುಂಪುಗೂಡಿಸಿ ಮುಚ್ಚಿಡಲಿ, ಆದರೆ ಒಳಗೊಂದು ಕೆಟ್ಟಾಗ ಗುಂಪು ತಾನಾಗಿ ತೆರೆದುಕೊಳ್ಳಲಿ. ಒಂದು ಸರ್ವರನ್ನು ಮುಟ್ಟಿದರೆ ಅದರ ದಾರಿಗಳಷ್ಟೇ ಕಾಣಲಿ. ಪೂರ್ಣ ಚಿತ್ರ ಒಂದು ಹೆಜ್ಜೆಯ ದೂರದಲ್ಲಿರಲಿ. ಏನನ್ನು ಬಿಡಬಹುದೆಂದು ತೀರ್ಮಾನಿಸುವ ಮುನ್ನ ರಾತ್ರಿ ಪಾಳಿಯಲ್ಲಿ ಆ ಪರದೆಯನ್ನು ನೋಡುತ್ತ ಕೂರುವ ಗುತ್ತಿಗೆ ನೌಕರನನ್ನು ಕೇಳಲಿ. ಎರಡು ಗಂಟೆಯ ಹೊತ್ತಿಗೆ ಅವನಿಗೆ ಬೇಕಾದದ್ದು ಅಂದದ ಚಿತ್ರವಲ್ಲ, ಯಾವ ಕೇಬಲನ್ನು ಮುಟ್ಟಬಾರದು ಎಂಬ ತಿಳಿವು. ಅದನ್ನು ಕೊಡದ ಸರಳತೆ ಬಳಸುವವನ ಹೊರೆಯನ್ನು ಇಳಿಸುವುದಿಲ್ಲ, ಅವನ ಕಣ್ಣಿಗೆ ಕಾಣದಂತೆ ಮಾಡುತ್ತದೆ ಅಷ್ಟೇ.