ಗೋಮಾಳಕ್ಕೆ ಬಿಟ್ಟರೆ ದನ ಖರ್ಚಿಲ್ಲದೆ ಬೆಳೆಯುತ್ತದೆಯೇ? ಕುಣಿಗಲ್‌ನ ಲೆಕ್ಕ ಹೀಗಿದೆ

“ಬ್ರೆಜಿಲ್‌ನವರು ಬಯಲಿಗೆ ದನ ಬಿಟ್ಟೇ ಕೋಟಿಗಟ್ಟಲೆ ದುಡಿಯುತ್ತಾರೆ. ನಮ್ಮಲ್ಲೂ ಬಿಸಿಲಿದೆ, ಹುಲ್ಲಿದೆ, ಗೋಮಾಳವಿದೆ. ದನ ಸಾಕಿದರೆ ಖರ್ಚಿಲ್ಲ, ಎಲ್ಲಾ ಲಾಭ.” ಇಂಥ ಮಾತು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದನ್ನು ನಂಬಿ ಸಾಲ ಮಾಡಿ ದನ ಕಟ್ಟುವ ಮುನ್ನ ಒಂದಿಷ್ಟು ಲೆಕ್ಕ ನೋಡೋಣ.

ಹುಲ್ಲು ನಿಜಕ್ಕೂ ಪುಕ್ಕಟೆಯೇ?

ದನವೊಂದು ದಿನಕ್ಕೆ ತನ್ನ ತೂಕದ ಸುಮಾರು ಶೇ. 2.5ರಷ್ಟು ಒಣ ಮೇವು ತಿನ್ನುತ್ತದೆ. 250 ಕೆ.ಜಿ. ತೂಕದ ದನಕ್ಕೆ ದಿನಕ್ಕೆ ಸುಮಾರು 6 ಕೆ.ಜಿ., ವರ್ಷಕ್ಕೆ ಸುಮಾರು 2.3 ಟನ್ ಬೇಕು. ನೀರಾವರಿಯಿಲ್ಲದ, ಆರೈಕೆಯಿಲ್ಲದ ಬಯಲಿನಲ್ಲಿ ಎಕರೆಗೆ ವರ್ಷಕ್ಕೆ ಅರ್ಧ ಟನ್ ಒಣ ಹುಲ್ಲು ಸಿಗುತ್ತದೆ ಎಂದುಕೊಳ್ಳೋಣ. ಹುಲ್ಲು ಮತ್ತೆ ಚಿಗುರಬೇಕಾದರೆ ಅದರಲ್ಲಿ ಅರ್ಧವನ್ನಾದರೂ ಉಳಿಸಬೇಕು. ಹಾಗೆ ನೋಡಿದರೆ ಒಂದೇ ದನಕ್ಕೆ ಸುಮಾರು 9 ಎಕರೆ ಬೇಕಾಗುತ್ತದೆ.

ಕರ್ನಾಟಕದ ಭೂಕಂದಾಯ ನಿಯಮಗಳು ಗೋಮಾಳಕ್ಕೆ ಇಟ್ಟಿರುವ ಅಳತೆ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ತಲೆಗೆ ಮೂರನೇ ಒಂದು ಎಕರೆಯೂ ಇಲ್ಲ. ಗೋಮಾಳ ಪೂರ್ತಿ ಉಳಿದಿರುವ ಊರಲ್ಲೂ ಅದು ದನ ಕಾಲಾಡಿಸುವ ಜಾಗವೇ ಹೊರತು ಹೊಟ್ಟೆ ತುಂಬಿಸುವ ಜಾಗವಲ್ಲ. ಆ ಹೊಟ್ಟೆಯನ್ನು ಹಿಂದಿನಿಂದಲೂ ತುಂಬಿಸುತ್ತಿರುವುದು ಹಿತ್ತಲ ಬಣವೆಯ ರಾಗಿ ಹುಲ್ಲು.

ಉಷ್ಣವಲಯದ ಹುಲ್ಲಿನ ಗುಣವೂ ಬೇರೆ. ಮಳೆ ಬಿದ್ದಾಗ ಬೇಗ ಬೆಳೆಯುತ್ತದೆ, ಅಷ್ಟೇ ಬೇಗ ಬಲಿತು ನಾರಾಗುತ್ತದೆ. ಒಣಗಿದ ಹುಲ್ಲಿನಲ್ಲಿ ಪ್ರೋಟೀನ್ ಶೇ. 7ಕ್ಕಿಂತ ಕೆಳಗಿಳಿದರೆ ದನದ ಹೊಟ್ಟೆಯಲ್ಲಿ ಅದನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲದು. ಆಗ ದನ ತಿನ್ನುವುದೂ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಮೈತುಂಬಿಕೊಂಡ ದನ ಬೇಸಿಗೆಯಲ್ಲಿ ಬಡಕಲಾಗುವುದು ಇದಕ್ಕೇ.

ಬ್ರೆಜಿಲ್‌ಗೆ ಹೇಗೆ ಸಾಧ್ಯವಾಯಿತು?

ಅಲ್ಲಿ ಅತಿ ಹೆಚ್ಚು ಸಾಕುವ ನೆಲೋರ್ ತಳಿಯ ಮೂಲ ಆಂಧ್ರದ ಓಂಗೋಲ್ ದನ, ಹುಲ್ಲಿನ ಮೂಲ ಆಫ್ರಿಕಾ. ದನ ಮೇಯುವ ಸೆರಾಡೊ ಬಯಲಿಗೆ ನಮ್ಮ ತುಮಕೂರು ಸೀಮೆಯ ಎರಡು ಪಟ್ಟಿನಷ್ಟು ಮಳೆ ಬೀಳುತ್ತದೆ. ಅಲ್ಲಿನ ಹುಳಿಮಣ್ಣಿಗೆ ಸುಣ್ಣ, ದನಕ್ಕೆ ಖನಿಜದ ಉಪ್ಪು ಕೊಡುವ ಖರ್ಚೂ ಇದೆ. ಇನ್ನು ಅಮೆಜಾನ್ ಕಾಡು ಕಡಿಯಲು ದೊಡ್ಡ ಕಾರಣವೇ ದನದ ಹುಲ್ಲುಗಾವಲು. ಆ ಬೆಲೆ ಮಾಲೀಕರ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ.

“ಭಾರತವೂ ಬೀಫ್ ರಫ್ತಿನಲ್ಲಿ ಮುಂದಿದೆಯಲ್ಲ?” ಎಂಬ ಪ್ರಶ್ನೆ ಬರಬಹುದು. ಹೌದು, ಆದರೆ ಅದು ಎಮ್ಮೆ, ಕೋಣಗಳ ಮಾಂಸ. ಹಸು, ಎತ್ತು, ಕರುಗಳ ಮಾಂಸದ ರಫ್ತಿಗೆ ನಿಷೇಧವಿದೆ. ಆ ಎಮ್ಮೆಗಳನ್ನೂ ಮಾಂಸಕ್ಕೆಂದೇ ಯಾರೂ ಬಯಲಲ್ಲಿ ಬೆಳೆಸುವುದಿಲ್ಲ. ಹಾಲಿನ ಆದಾಯದಲ್ಲಿ ಸಾಕಿ, ಕರೆಯುವುದು ನಿಂತ ಮೇಲೆ ಮಾರುತ್ತಾರೆ.

ಹಳ್ಳಿಕಾರ್ ಲೆಕ್ಕ ಬೇರೆ

ಕುಣಿಗಲ್ ಸೀಮೆಯ ಹಳ್ಳಿಕಾರ್ ದುಡಿಮೆಯ ತಳಿ. ಒಂದು ಸೂಲಿಗೆ ಸರಾಸರಿ ಹಾಲು 500 ಲೀಟರ್ ಆಸುಪಾಸು ಅಷ್ಟೇ. ಹೋರಿಗರು ಕೊಂಡು, ಜೋಡಿ ಕೂಡಿಸಿ, ಉಳುಮೆಗೆ ಪಳಗಿಸಿ ಸಿದ್ಧಗಂಗೆ ಅಥವಾ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಮಾರುವುದು ಇಲ್ಲಿಯ ಪದ್ಧತಿ. ಬೆಲೆ ಕಟ್ಟುವುದು ತೂಕ ನೋಡಿ ಅಲ್ಲ, ಜೋಡಿ, ಸುಳಿ, ನಡಿಗೆ ನೋಡಿ. ಉಳುಮೆ ಮತ್ತು ಗೊಬ್ಬರ ಇದರ ಜೊತೆಗೆ ಸಿಗುವ ಲಾಭ. ವಯಸ್ಸಾದ ಎತ್ತನ್ನು ಮಾರಿದ ಹಣ ಮುಂದಿನ ಜೋಡಿಗೆ ಬಂಡವಾಳವಾಗುತ್ತಿತ್ತು.

ಕೊನೆಯ ಈ ಕೊಂಡಿ ಈಗ ಕಳಚಿದೆ. 1964ರ ರಾಜ್ಯ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತುಗಳ ವಧೆಗೆ ಅನುಮತಿ ಪಡೆಯಬಹುದಿತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿದೆ. ವಿನಾಯಿತಿ ಇರುವುದು ಮುಖ್ಯವಾಗಿ 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ. ಉಲ್ಲಂಘಿಸಿದವರಿಗೆ 3ರಿಂದ 7 ವರ್ಷ ಜೈಲು ಶಿಕ್ಷೆಯಿದೆ. ಹಾಗಾಗಿ ಮಾಂಸಕ್ಕೆಂದು ದನ ಸಾಕುವ ಯೋಜನೆ ಇಲ್ಲಿ ನಷ್ಟದ ಮಾತಷ್ಟೇ ಅಲ್ಲ, ಅಪರಾಧಕ್ಕೂ ದಾರಿ.

ಕಾಯ್ದೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ರೈತರ ಮೇಲೆ ಬೀಳುವ ಖರ್ಚನ್ನಂತೂ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಮೇವಿಗೆ ಕೆ.ಜಿ.ಗೆ 5 ರೂ. ಎಂದು ಹಿಡಿದರೂ ದುಡಿಯಲಾಗದ ಎತ್ತಿಗೆ ದಿನಕ್ಕೆ 30 ರೂ., ವರ್ಷಕ್ಕೆ ಸುಮಾರು 11,000 ರೂ. ಐದು ವರ್ಷ ಬದುಕಿದರೆ 55,000 ರೂ. ಮಾರಿದರೆ ಬರುತ್ತಿದ್ದ ಹಣವೂ ಇಲ್ಲ. ಇದರ ಜೊತೆಗೆ ಟ್ರ್ಯಾಕ್ಟರ್, ಟಿಲ್ಲರ್ ಬಂದು ಎತ್ತಿನ ಕೆಲಸವೂ ಕಡಿಮೆಯಾಗಿದೆ. 2012ರಿಂದ 2019ರ ಗಣತಿಯ ಹೊತ್ತಿಗೇ ದೇಶದಲ್ಲಿ ಗಂಡು ದನಗಳ ಸಂಖ್ಯೆ ಸುಮಾರು ಶೇ. 30ರಷ್ಟು ಇಳಿದಿತ್ತು.

ಹಾಗಾದರೆ ಏನು ಮಾಡಬೇಕು?

ದನ ಸಾಕಬೇಡಿ ಎಂದು ನಾವು ಹೇಳುತ್ತಿಲ್ಲ. ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಬೇಸಿಗೆಯ ಮೇವು ಎಲ್ಲಿಂದ ಬರುತ್ತದೆ? ಆದಾಯ ಹಾಲಿನಿಂದಲೋ, ಉಳುಮೆಯಿಂದಲೋ, ಕರು ಮಾರಾಟದಿಂದಲೋ? ದನಕ್ಕೆ ವಯಸ್ಸಾದ ಮೇಲಿನ ಖರ್ಚನ್ನು ಯಾರು ಹೊರುತ್ತಾರೆ? ಈ ಮೂರಕ್ಕೂ ಉತ್ತರವಿಲ್ಲದ “ಖರ್ಚಿಲ್ಲದ ಲಾಭ”ದ ಸಂದೇಶ ನಿಮಗೆ ಬಂದರೆ, ಮುಂದಕ್ಕೆ ಕಳಿಸುವ ಬದಲು ಕಳಿಸಿದವರಿಗೇ ಈ ಪ್ರಶ್ನೆಗಳನ್ನು ಕೇಳಿ.